ಕಾಗೆ ಮುಟ್ಟದ ಎಡೆ

ತಾರಸಿಯ ಮೇಲೆ ಬಡಿಸಿಟ್ಟ ಎಲೆ ಕಂಡು, ಅರಳುಮರಳು ಹತ್ತಿದ ಅಜ್ಜಿಯ ಊಟ ತಯಾರಾಗಿದೆ ಅಂದುಕೊಂಡು, ಹೊಸದಾಗಿ ಬಂದ ನರ್ಸಮ್ಮ ಇನ್ಸುಲಿನ್ ಚುಚ್ಚಿಬಿಟ್ಟಿದ್ದಳು. ಆಮೇಲೆ ಅಜ್ಜಿಯೇ ಹೇಳಿದಳು, ಅದು ತೀರಿಹೋದ ಗಂಡನಿಗೆಂದು ಇಟ್ಟ ಎಡೆಯಂತೆ. ಕಾಗೆ ಮುಟ್ಟುವವರೆಗೆ ತಾನು ಉಣ್ಣುವುದಿಲ್ಲ ಅಂತ ಅಜ್ಜಿ ಹಟ ಹಿಡಿದು ಕೂತಳು. ಅರ್ಧ ಗಂಟೆಯಾಯಿತು.

"ಒಂದು ತುತ್ತು ಉಣ್ಣಜ್ಜಿ, ಸಕ್ಕರೆ ಇಳಿದ್ರೆ ಜೀವಕ್ಕೇ ಅಪಾಯ," ಅಂದಳು ನರ್ಸಮ್ಮ.

"ಏನೋ ಆಸೆ ಮಡಿಕ್ಕೊಂಡೇ ಹೋಗವ್ನೆ ಕಣವ್ವ ಆವಯ್ಯ. ಅದ್ಕೇ ಕಾಗೆ ಬತ್ತಿಲ್ಲ."

"ಏನಾಗಿತ್ತು ಅವರಿಗೆ?"

"ಹಾರ್ಟು."

"ಮೊನ್ನೆ ಕಿಡ್ನಿ ಅಂದೆ, ನಿನ್ನೆ ಲಕ್ವ ಅಂದೆ!" ಪಕ್ಕದಲ್ಲಿದ್ದ ಮಗ ಸಿಡುಕಿದ. "ದೊಡ್ಡ ಕಾಯಿಲೆ ಒಂದನ್ನೂ ಬಿಡಂಗಿಲ್ಲ ನೀನು."

"ಎಲ್ಲಾನೂ ಇತ್ತು ಕಣ್ಲಾ, ಪಾಪ."

ಅಜ್ಜಿಯ ಹಣೆಯಲ್ಲಿ ಬೆವರು ಒಡೆಯಿತು, ಕೈ ನಡುಗತೊಡಗಿತು. ನರ್ಸಮ್ಮ ತಲೆಯೆತ್ತಿ ನೋಡಿದಳು. ಆಕಾಶದಲ್ಲಿ ಒಂದೇ ಒಂದು ಕಾಗೆಯೂ ಇರಲಿಲ್ಲ.

ಅಷ್ಟು ಹೊತ್ತೂ ಮೆಟ್ಟಿಲ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಮುದುಕ ಮೆಲ್ಲಗೆ ಬಂದು ಮಗನ ಕಿವಿಯಲ್ಲಿ ಹೇಳಿದ:

"ನಿಮ್ಮವ್ವನ್ನ ಒಂದ್ಗಳಿಗೆ ಆ ಕಡೆ ತಿರುಗ್ಸ್ಲಾ, ನನ್ ಎಡೆನ ನಾನೇ ತಿಂತೀನಿ."