ಹೌದು ಡಬ್ಬಿ, ಅಲ್ಲ ಡಬ್ಬಿ

“ಹೌದು ಅನ್ನಿಸಿದ ಚೀಟಿ ಈ ಡಬ್ಬಿಗೆ, ಅಲ್ಲ ಅನ್ನಿಸಿದ್ದು ಆ ಡಬ್ಬಿಗೆ. ಇದು ವ್ಯಕ್ತಿತ್ವ ಪರೀಕ್ಷೆ ಅಷ್ಟೆ. ತಪ್ಪು, ಸರಿ ಅಂತ ಏನೂ ಇಲ್ಲ ಅಕ್ಕಾ,” ಎಂದಳು ಮನಃಶಾಸ್ತ್ರದ ಮೇಡಂ.

“ಮೊನ್ನೆ ನನ್ನ ತಮ್ಮನಿಗೂ ಹಾಗೇ ಹೇಳಿದ್ರಂತೆ. ಅವನು ಇನ್ನೂ ಒಳಗೇ ಇದ್ದಾನಲ್ಲ!”

ಅಕ್ಕನ ತೊಡೆಯ ಮೇಲಿನ ಚೀಲದಲ್ಲಿ ತಮ್ಮನ ಚಪ್ಪಲಿಗಳಿದ್ದವು. ಅಮ್ಮ ತೀರಿಕೊಂಡ ಮೇಲೆ ಊಟ, ನಿದ್ದೆ ಬಿಟ್ಟು ಕೂತವನನ್ನು ಬರಿಗಾಲಲ್ಲೇ ಈ ಆಸ್ಪತ್ರೆಗೆ ತಂದು ಸೇರಿಸಿದ್ದಳು. ಈಗ ಉಣ್ಣುತ್ತಾನೆ, ಮಲಗುತ್ತಾನೆ. ಆದರೂ ಅವನನ್ನು ಮನೆಗೆ ಕಳಿಸುವುದೋ, ಬೀಗದ ವಾರ್ಡಿಗೆ ಹಾಕುವುದೋ ಎಂಬುದನ್ನು ದೊಡ್ಡ ಡಾಕ್ಟರು ಮೊನ್ನೆಯ ಪರೀಕ್ಷೆ ನೋಡಿ ಇವತ್ತು ಮಧ್ಯಾಹ್ನ ತೀರ್ಮಾನಿಸುವವರಿದ್ದರು.

“ನಿಮಗ್ಯಾಕೆ ಭಯ? ನೀವು ಸರಿ ಇರೋರು. ಪರೀಕ್ಷೆ ಇನ್ನೂ ಹೊಸದು. ಸರಿ ಇರೋರು ಏನು ಹೇಳ್ತಾರೆ ಅಂತ ಗೊತ್ತಾದ್ರೆ ತಾನೇ, ಕಾಯಿಲೆಯೋರನ್ನ ಅದಕ್ಕೆ ಹೋಲಿಸಿ ನೋಡೋದು? ಅದಕ್ಕೇ ರೋಗಿಗಳ ಕಡೆಯೋರನ್ನ ಕೂರಿಸ್ತಿದ್ದೀವಿ.”

“ಅಂದ್ರೆ ನಾನು ಅಳತೆ ಅನ್ನಿ. ನನ್ನ ಅಳತೇಲಿ ಎಲ್ಲರಿಗೂ ಅಂಗಿ ಹೊಲಿದ್ರೆ ಊರೆಲ್ಲ ಉಸಿರು ಬಿಗಿಹಿಡ್ಕೊಂಡು ಓಡಾಡ್ಬೇಕಾಗುತ್ತೆ,” ಎಂದಳು ಕಡ್ಡಿಯಂತಿದ್ದ ಅಕ್ಕ. ಹೊಲಿಗೆ ಅವಳ ಕಸುಬು.

ಮೇಡಂ ನಕ್ಕಳು. ಅಕ್ಕ ನಗಲಿಲ್ಲ. ಒಂದೊಂದೇ ಚೀಟಿ ಎತ್ತಿ ಓದತೊಡಗಿದಳು. ‘ಬೆಳಿಗ್ಗೆ ಏಳುವಾಗಲೇ ನನಗೆ ದಣಿವು.’ ಹೌದು. ‘ಜನ ನನ್ನ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಾರೆ.’ “ಸುಮ್ಮನೆ ಬಿಡ್ತಾರಾ?” ಅದೂ ಹೌದು. ಗೋಡೆಯಾಚೆ ಯಾರೋ ಬೀಗದ ಕೈ ಗೊಂಚಲು ಆಡಿಸುತ್ತ ಹೋದರು.

‘ಯಾರೂ ಇಲ್ಲದಿದ್ದರೂ ನನ್ನನ್ನು ಕರೆದಂತೆ ಕೇಳಿಸುತ್ತದೆ.’

ಅವಳ ಕೈ ನಿಂತಿತು. ಹೊಲಿಗೆ ಯಂತ್ರದ ಸದ್ದು ನಿಂತ ಕೂಡಲೇ ಅಮ್ಮ ಒಳಕೋಣೆಯಿಂದ ಕೂಗುತ್ತಾಳೆ. ‘ಬಂದೆ’ ಎಂದು ಅರ್ಧ ಎದ್ದ ಮೇಲೆಯೇ, ಕೂಗುವವಳು ಇಲ್ಲವೆಂಬುದು ನೆನಪಾಗುವುದು. ಅಕ್ಕ, ತಮ್ಮ ಇಬ್ಬರೂ ಒಟ್ಟಿಗೇ ಎದ್ದು, ಒಬ್ಬರ ಮುಖ ಒಬ್ಬರು ನೋಡಿ, ಪೆಚ್ಚಾಗಿ ಕೂತದ್ದೂ ಉಂಟು. ಈ ಚೀಟಿಯನ್ನು ತಮ್ಮ ಎಲ್ಲಿ ಹಾಕಿರಬೇಕೆಂದು ಅವಳಿಗೆ ಗೊತ್ತು. ಅವನಿಗೆ ಸುಳ್ಳು ಬಾರದು.

“ಮೇಡಂ, ನಾನು ಹೌದು ಅಂದ್ರೆ ಅದು ಸರಿ ಇರೋರ ಲೆಕ್ಕಕ್ಕೇ ಸೇರುತ್ತೆ ತಾನೇ?”

“ಸೇರುತ್ತೆ. ಹಾಕಿ, ಹಾಕಿ.”

ಅಕ್ಕ ಅದನ್ನು ಹೌದು ಡಬ್ಬಿಗೆ ಹಾಕಿದಳು.

ಮೇಡಂ ಬಗ್ಗಿ ನೋಡಿದಳು. ಮುಖದ ನಗು ಇಳಿಯಿತು. ಎದ್ದುಹೋಗಿ, ಅರೆತೆರೆದಿದ್ದ ಬಾಗಿಲನ್ನು ಮುಚ್ಚಿ ಬಂದಳು. ಅಕ್ಕ ಚಪ್ಪಲಿಯ ಚೀಲವನ್ನು ಎದೆಗೆ ಅವುಚಿಕೊಂಡಳು.

ಮೇಡಂ ಡಬ್ಬಿಯೊಳಗೆ ಕೈಹಾಕಿ ಆ ಚೀಟಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ದನಿ ತಗ್ಗಿಸಿ, “ಅವಸರದಲ್ಲಿ ಹಾಕಿಬಿಟ್ರಿ ಅಕ್ಕಾ. ಇನ್ನೊಂದ್ಸಲ ಓದಿ, ನೋಡಿ ಹಾಕಿ,” ಎಂದಳು.

ಅಕ್ಕ ಚೀಟಿಯನ್ನು ಮುಟ್ಟಲಿಲ್ಲ.

“ನನ್ನ ತಮ್ಮನಿಗೂ ಇದನ್ನ ಹೀಗೇ ವಾಪಸ್ ಕೊಟ್ಟಿದ್ರಾ, ಮೇಡಂ?”