ಅಲಂಕಾರಕ್ಕೆ ಮಾತ್ರ

ಹುಟ್ಟುಹಬ್ಬದ ಕೇಕ್ ಕಳಿಸಿಕೊಟ್ಟು ಮೇಜು ಒರೆಸುತ್ತಿದ್ದ ಜೆಸಿಂತಾ, ಚಿನ್ನದ ಬಣ್ಣದ ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿದಳು. ತಳದಲ್ಲಿ ಸಣ್ಣ ಅಕ್ಷರದಲ್ಲಿತ್ತು: ‘ಅಲಂಕಾರಕ್ಕೆ ಮಾತ್ರ, ತಿನ್ನಬಾರದು.’ ಅರ್ಧ ಡಬ್ಬಿಯನ್ನು ಕೇಕಿನ ಮೇಲೆ ಉದುರಿಸಿದ್ದಳು. ಐದನೇ ಸಲ ಕರೆ ಮಾಡಿದಾಗ ಕೇಕ್ ತರಿಸಿದ್ದ ಮನೆಯೊಡತಿ ಫೋನ್ ಎತ್ತಿದರು.

“ಅಕ್ಕಾ, ಕೇಕ್ ತಿನ್ಬೇಡಿ! ಮಕ್ಕಳಿಗೆ ಕೊಡ್ಬೇಡಿ! ಆ ಪುಡಿ ತಿನ್ನುವಂಥದ್ದಲ್ಲ, ನಾನು ನೋಡ್ಲಿಲ್ಲ!”

“ಮೆಲ್ಲ ಮಾತಾಡಿ ಮಾರಾಯ್ರೆ. ಇಲ್ಲಿ ಯಾರೂ ಒಂದು ಚೂರೂ ಮುಟ್ಲಿಲ್ಲ. ಅಷ್ಟು ಹೊಳೆಯುವುದನ್ನು ನಮ್ಮ ಮಕ್ಕಳಿಗೆ ಕೊಡ್ಲಿಕ್ಕುಂಟಾ? ನಾವು ತರಿಸಿದ್ದೇ ಫೋಟೋಕ್ಕೆ.”

ಜೆಸಿಂತಾ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದಳು. “ಅಬ್ಬಾ, ಬದುಕಿದೆ! ಹಾಗಾದ್ರೆ ಅದನ್ನು ಬಿಸಾಡಿಬಿಡಿ ಅಕ್ಕಾ.”

“ಬಿಸಾಡುವುದೆಂತಕ್ಕೆ? ಆಗಲೇ ಇಲ್ಲೇ ಹತ್ತಿರದ ಬಡಮಕ್ಕಳ ಹಾಸ್ಟೆಲಿಗೆ ಕಳಿಸಿ ಆಯ್ತಲ್ಲ.”