ಹತ್ತು ಸಾವಿರ ಗುಂಡಿಗೆ

ಮುದ್ರಕನ ಹೆಂಡತಿ ಮತ್ತೆ ಅವನ ಎದೆಗೆ ಕಿವಿ ಹಚ್ಚಿ ಕೂತಿದ್ದಳು. ಈ ವಾರದಲ್ಲಿ ಇದು ನೂರನೆಯ ಸಲ. ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

"ಏನು ಕೇಳಿಸ್ತು?" ಎಂದ ಮುದ್ರಕ.

"ಹೊಟ್ಟೆ ಗುಡುಗೋದು ಬಿಟ್ರೆ ಏನೂ ಕೇಳಿಸ್ತಿಲ್ಲ. ನಾಳೆ ಆಸ್ಪತ್ರೆಗೆ ಹೋಗ್ತೀರಿ, ಅಷ್ಟೆ."

ಅವಳು ಹೆದರಿದ್ದು ಸುಮ್ಮನಲ್ಲ. ಬೀದಿಯೆಲ್ಲ ಅಚ್ಚಣ್ಣ ಎಂದು ಕರೆಯುತ್ತಿದ್ದ ಈ ಮುದ್ರಕನ ಹೊಟ್ಟೆ ಬಾಗಿಲು ದಾಟಿ ಅರ್ಧ ಗಂಟೆಯಾದ ಮೇಲೆ ಆಸಾಮಿ ಒಳಗೆ ಬರುತ್ತಿದ್ದ. ಅವನ ಸಿಗರೇಟಿನ ಹೊಗೆಗೆ ಕಾಗೆಗಳು ದಾರಿ ತಪ್ಪುತ್ತಿದ್ದವು. ಕೆಳಗೆ ಅಚ್ಚುಕೂಟ, ಮೇಲೆ ಮನೆ, ನಡುವೆ ಹದಿನಾಲ್ಕೇ ಮೆಟ್ಟಿಲು. ಅಷ್ಟು ಹತ್ತುವುದರೊಳಗೆ ಅವನ ಏದುಸಿರಿಗೆ ಕಿಟಕಿಗಳು ಬಡಿದುಕೊಳ್ಳುತ್ತಿದ್ದವು. ಹೆಂಡತಿ ಈಚೆಗೆ ಏಳನೆಯ ಮೆಟ್ಟಿಲಿನಲ್ಲಿ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಯಾಕೆ ಎಂದರೆ, "ನೀವು ಬರ್ಲಿ ಅಂತ" ಎನ್ನುತ್ತಿದ್ದಳು.

ಎಲ್ಲಕ್ಕೂ ಮೂಲ ಒಂದು ಕರಪತ್ರ. ಹೃದಯಾಘಾತದ ಮುನ್ಸೂಚನೆಗಳನ್ನು ಊರಿನ ಆಸ್ಪತ್ರೆಯ ಡಾಕ್ಟರಮ್ಮ ಕೈಯಲ್ಲಿ ಬರೆದುಕೊಟ್ಟು, ಮನೆಮನೆಗೆ ಹಂಚಲು ಹತ್ತು ಸಾವಿರ ಪ್ರತಿ ಕೇಳಿದ್ದರು. ಅಚ್ಚಣ್ಣ ಹಾಳೆಯ ನಡುವೆ ಒಂದು ಕೆಂಪು ಗುಂಡಿಗೆ ಕೂರಿಸಿದ. ಅದೆಂಥ ಕೆಂಪು ಎಂದರೆ, ಅದನ್ನು ಕಂಡ ಸೂರ್ಯ ನಾಚಿ ಬೇಗ ಮುಳುಗಿದ. ಅರ್ಧ ಹಾಳೆಯನ್ನು ಗುಂಡಿಗೆಯೇ ನುಂಗಿತು. ಕರಡು ತೋರಿಸಲೂ ಅವನಿಗೆ ಪುರುಸೊತ್ತಿರಲಿಲ್ಲ.

"ಡಾಕ್ಟರಮ್ಮ ಒಂಬತ್ತು ಸೂಚನೆ ಅಂದಿದ್ರಲ್ಲ, ಇಲ್ಲಿ ಎಂಟೇ ಇದೆ?" ಎಂದಳು ಹೆಂಡತಿ.

ಜಾಗ ಸಾಲದಿದ್ದರೆ ಕೊನೆಯ ಸಾಲಿಗೆ ಕತ್ತರಿ, ಇದು ಅಜ್ಜನ ಕಾಲದಿಂದ ಬಂದ ಕಟ್ಟಳೆ ಎಂದ ಅಚ್ಚಣ್ಣ. ಕೊನೆಯ ಸಾಲನ್ನು ಓದುವ ಮಹಾನುಭಾವ ಇನ್ನೂ ಹುಟ್ಟಿಲ್ಲವಂತೆ. ಅವನೂ ಓದಿರಲಿಲ್ಲ.

ಮಡಿಸುವ ಕೆಲಸ ಅವಳದು. ಅವಳು ಮಡಿಸಿದ್ದನ್ನು ಸಾಲಾಗಿಟ್ಟರೆ ಭೂಮಿಗೆ ಎರಡು ಸುತ್ತು ಬರುತ್ತಿತ್ತು. ಮೂರನೆಯ ದಿನ ದವಡೆ ನೋವು ಎಂದಳು. ಮಾತು ಕಡಿಮೆ ಮಾಡು, ದವಡೆಗೂ ರಜೆ ಬೇಕು ಎಂದು ಅವನು ನಕ್ಕ. ಹೊಟ್ಟೆ ತೊಳಸುತ್ತಿದೆ ಎಂದಳು. ಶಾಯಿಯ ವಾಸನೆ ಎಂದ. ಕೈಕಾಲು ಸೋತಿವೆ ಎಂದಳು. ಹತ್ತು ಸಾವಿರ ಮಡಿಸಿದರೆ ಆನೆಯೂ ಸೋಲುತ್ತದೆ ಎಂದ.

ಹಾಗೆಂದು ಕಟುಕನೇನಲ್ಲ. ಕರಪತ್ರ ಹಿಡಿದು ಎದುರಿಗೇ ಕೂತ. ಎದೆ ಹಿಂಡುತ್ತದೆಯೇ? ಇಲ್ಲ. ಎದೆ ಉರಿ? ಇಲ್ಲ. ಎಡಗೈ ಸೆಳೆತ? ಅದೂ ಇಲ್ಲ. ಎಂಟಕ್ಕೆ ಎಂಟೂ ಇಲ್ಲ.

"ನೋಡು, ನಿನಗೇನೂ ಆಗಿಲ್ಲ. ಅಚ್ಚಾಗಿರೋದು ಸುಳ್ಳಾಗುತ್ತಾ?"

"ನನ್ನದು ಬಿಡಿ. ನಿಮ್ಮದು ತೋರಿಸ್ಕೊಂಡು ಬನ್ನಿ."

ಮರುದಿನ ಆಸ್ಪತ್ರೆಯವರು ಅವನ ಎದೆಗೆ ಊರಿನ ತಂತಿಯನ್ನೆಲ್ಲ ಅಂಟಿಸಿದರು. ಯಂತ್ರದ ಪಟ್ಟಿಯ ಮೇಲೆ ಸಮುದ್ರ ದಾಟುವಷ್ಟು ದೂರ ಓಡಿಸಿದರು. ಒಂದು ಕುಂದೂ ಸಿಗಲಿಲ್ಲ. ಕುದುರೆ ಗುಂಡಿಗೆ! ವರದಿ ಬೀಸುತ್ತ ಬಂದವನು ಹದಿನಾಲ್ಕು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ.

"ಲೇ, ಇನ್ನೂ ನೂರು ವರ್ಷ ನಿನ್ನ ತಲೆ ತಿಂತೀನಿ ಕಣೇ."

ಅವಳು ಕರಪತ್ರದ ಕಟ್ಟುಗಳಿಗೆ ಒರಗಿದ್ದಳು. ಮಡಿಲಲ್ಲಿ ಅರ್ಧ ಮಡಿಸಿದ ಹಾಳೆ. ನಿದ್ದೆ ಎಂದುಕೊಂಡು ದನಿ ತಗ್ಗಿಸಿದ. ಎದ್ದಾಗ ನೋಡಲಿ ಎಂದು ವರದಿಯನ್ನು ಅವಳ ಕೈಯಡಿ ಇಡಲು ಹೋದ. ಕೈ ತಣ್ಣಗಿತ್ತು.

ಇಲ್ಲಿಂದ ಮುಂದಕ್ಕೆ ನಾನು ಒಂದಕ್ಕೆರಡು ಸೇರಿಸಿ ಹೇಳುವುದಿಲ್ಲ.

ಅವಳು ಹೋದ ನಾಲ್ಕನೆಯ ದಿನ ಅವನು ಅಚ್ಚುಕೂಟಕ್ಕೆ ಇಳಿದ. ಮೊಳೆಗೆ ಚುಚ್ಚಿಟ್ಟಿದ್ದ ಡಾಕ್ಟರಮ್ಮನ ಹಾಳೆ ತೆಗೆದ. ಕೊನೆಯ ಸಾಲನ್ನು ಮೊದಲ ಸಲ ಓದಿದ.

'೯. ಹೆಂಗಸರಿಗೆ ಎದೆನೋವೇ ಇಲ್ಲದಿರಬಹುದು. ದವಡೆ ನೋವು, ಹೊಟ್ಟೆ ತೊಳಸು, ವಿಪರೀತ ಸುಸ್ತು ಕಂಡರೂ ಕೂಡಲೇ ಕರೆತನ್ನಿ.'